ಹಲ್ಲು ಕಿತ್ತ ಮೇಲೆ ಆ ಗುಂಡಿಯನ್ನು ಸುಮ್ನೆ ಬಿಡಿ

ಓದುಗರ ಪ್ರಶ್ನೆ, ದಂತವೈದ್ಯೆಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹಲ್ಲು ಕೀಳಿಸುವ ವಿಷಯವೇ ಜಾಸ್ತಿ. ಕೀಳಿಸುವ ಮೊದಲು ಬರೆದವರಿಗೆ ಹೆದರಿಕೆ. ಕೀಳಿಸಿಕೊಂಡು ಬಂದು ಬರೆದವರಿಗೆ ಅನುಮಾನ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವತ್ತು ಇವನ್ನೇ ತೆಗೆದುಕೊಂಡಿದ್ದೇನೆ. ಒಂದೇ ತರಹದ ಪತ್ರಗಳನ್ನು ಸೇರಿಸಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ಕೆಳಗಿನ ದವಡೆ ಹಲ್ಲು ಹುಳುಕಾಗಿ ಅರ್ಧ ಮುರಿದೇ ಹೋಗಿದೆ. ರೂಟ್ ಕೆನಾಲ್ ಮಾಡೋಕೂ ಆಗಲ್ಲ, ತೆಗೀಲೇಬೇಕು ಅಂದ್ರು. ಮುಂದಿನ ವಾರ ಬರೋಕೆ ಹೇಳಿದ್ದಾರೆ. ಆಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಎಷ್ಟು ನೋವಾಗುತ್ತೆ? ಸಮಾಧಾನಕ್ಕೆ ಏನೋ ಒಂದು ಹೇಳಬೇಡಿ, ಇದ್ದದ್ದು ಹೇಳಿ.

ಇದ್ದದ್ದು ಇಷ್ಟು. ಇಂಜೆಕ್ಷನ್ ಚುಚ್ಚುವಾಗ ಸ್ವಲ್ಪ ನೋವಾಗುತ್ತದೆ. ಹಲ್ಲು ಕೀಳುವಾಗ ನೋವಾಗಬಾರದು. ಹಾಗಂತ ಏನೂ ಗೊತ್ತೇ ಆಗುವುದಿಲ್ಲ ಅಂದುಕೊಂಡು ಹೋಗಬೇಡಿ. ಗೊತ್ತಾಗುತ್ತದೆ. ಏನೇನು ಗೊತ್ತಾಗುತ್ತದೆ ಎಂದು ಮೊದಲೇ ಯಾರೂ ಹೇಳದೆ ಇರುವುದರಿಂದಲೇ ಅರ್ಧ ಗಾಬರಿ ಹುಟ್ಟುವುದು.

ಕೆಳಗಿನ ದವಡೆ ಹಲ್ಲಿಗೆ ಇಂಜೆಕ್ಷನ್ ಕೊಡುವುದು ಸಾಮಾನ್ಯವಾಗಿ ಹಲ್ಲಿನ ಪಕ್ಕದಲ್ಲಲ್ಲ. ಬಾಯಿಯ ತೀರಾ ಹಿಂದೆ, ನರ ದವಡೆ ಮೂಳೆಯ ಒಳಗೆ ಇಳಿಯುವ ಜಾಗದ ಹತ್ತಿರ. ಅಲ್ಲಿ ತಡೆದರೆ ಆ ಕಡೆಯ ಕೆಳಗಿನ ಹಲ್ಲುಗಳು, ಅರ್ಧ ಕೆಳತುಟಿ, ಗದ್ದ, ಜೊತೆಗೆ ಅರ್ಧ ನಾಲಿಗೆ ಎಲ್ಲವೂ ಮರಗಟ್ಟುತ್ತವೆ. ತುಟಿ ದಪ್ಪಗಾಗಿ ಜೋತುಬಿದ್ದಿದೆ ಅನ್ನಿಸುತ್ತದೆ. ಕನ್ನಡಿ ನೋಡಿದರೆ ಏನೂ ಆಗಿರುವುದಿಲ್ಲ. ಮೇಲಿನ ಹಲ್ಲಾದರೆ ಅಲ್ಲಿಯ ಮೂಳೆಯಲ್ಲಿ ಔಷಧಿ ಸುಲಭವಾಗಿ ಇಳಿಯುವುದರಿಂದ ಬೇರಿನ ಪಕ್ಕದಲ್ಲೇ ಕೊಟ್ಟರೆ ಸಾಕಾಗುತ್ತದೆ. ಅಂಗುಳದ ಕಡೆಗೂ ಒಂದು ಚುಚ್ಚುತ್ತಾರೆ. ಅದು ಮಾತ್ರ ಚುರ್ ಅನ್ನುತ್ತದೆ, ಸುಳ್ಳು ಹೇಳುವುದಿಲ್ಲ.

ಔಷಧಿ ಬಹಳ ಕಡೆ ಲಿಗ್ನೊಕೇಯ್ನ್. ಅದಕ್ಕೆ ಒಂದು ಚೂರು ಅಡ್ರಿನಲಿನ್ ಬೆರೆಸಿರುತ್ತಾರೆ. ರಕ್ತನಾಳಗಳನ್ನು ಬಿಗಿ ಮಾಡಿ, ಔಷಧಿ ಅಲ್ಲೇ ಜಾಸ್ತಿ ಹೊತ್ತು ನಿಲ್ಲುವ ಹಾಗೆ ಮಾಡುವುದು ಅದರ ಕೆಲಸ. ಹಾಗಾಗಿ ಚುಚ್ಚಿದ ಮೇಲೆ ಕೆಲವರಿಗೆ ಒಂದೆರಡು ನಿಮಿಷ ಎದೆ ಡವಡವ ಅನ್ನುತ್ತದೆ, ಕೈ ಸಣ್ಣಗೆ ನಡುಗುತ್ತದೆ. ಇದನ್ನೇ ‘ನನಗೆ ಇಂಜೆಕ್ಷನ್ ಅಲರ್ಜಿ’ ಎಂದು ವರ್ಷಗಟ್ಟಲೆ ನಂಬಿಕೊಂಡವರಿದ್ದಾರೆ. ಅಲರ್ಜಿ ಅಲ್ಲ ಅದು, ತಾನಾಗಿ ಇಳಿಯುತ್ತದೆ.

ಕೆಲವು ನಿಮಿಷ ಬಿಟ್ಟು ಡಾಕ್ಟರು ಒಸಡನ್ನು ಚೂಪಾದ ಸಲಕರಣೆಯಿಂದ ಮುಟ್ಟಿ ಕೇಳುತ್ತಾರೆ. ಆಗ ಧೈರ್ಯ ತೋರಿಸುವ ಅಗತ್ಯ ಇಲ್ಲ. ಚುಚ್ಚಿದ ಹಾಗಿದ್ದರೆ ಚುಚ್ಚುತ್ತಿದೆ ಎನ್ನಿ. ಒತ್ತಿದ ಹಾಗೆ ಮಾತ್ರ ಇದ್ದರೆ ಸರಿಯಾಗಿದೆ ಎಂದರ್ಥ. ನೋವಿನ ಸುದ್ದಿ ಒಯ್ಯುವ ಎಳೆಗಳನ್ನು ಔಷಧಿ ಬೇಗ ತಡೆಯುತ್ತದೆ. ಒತ್ತಡದ ಸುದ್ದಿ ಒಯ್ಯುವ ಎಳೆಗಳು ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ. ಅದಕ್ಕೇ ಹಲ್ಲನ್ನು ತಳ್ಳುವುದು, ಅಲ್ಲಾಡಿಸುವುದು, ದವಡೆಯೇ ಕೆಳಗೆ ಹೋಗುವಷ್ಟು ಒತ್ತುವುದು ಎಲ್ಲ ತಿಳಿಯುತ್ತದೆ. ಶುರು ಮಾಡುವ ಮೊದಲೇ ‘ನಾನು ಎಡಗೈ ಎತ್ತಿದರೆ ನಿಲ್ಲಿಸಿ’ ಎಂದು ಮಾತಾಡಿಕೊಳ್ಳಿ. ಬಾಯಿ ತೆರೆದುಕೊಂಡು ಮಾತಾಡೋಕೆ ಆಗಲ್ಲ, ಅಲ್ವಾ.

ಇನ್ನು ಕೀಳುವುದು. ಹೆಸರು ಹಾಗಿದೆಯೇ ಹೊರತು ಅಲ್ಲಿ ಎಳೆಯುವ ಕೆಲಸ ಬಹಳ ಕಮ್ಮಿ. ಹಲ್ಲಿನ ಬೇರು ಮೂಳೆಗೆ ಅಂಟಿಕೊಂಡಿಲ್ಲ. ಎರಡರ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರ ಇದೆ. ನೆಲಕ್ಕೆ ಹೊಡೆದ ಗೂಟವನ್ನು ಆಚೆ ಈಚೆ ಅಲ್ಲಾಡಿಸಿ ಸಡಿಲ ಮಾಡಿದ ಹಾಗೆ, ಮೊದಲು ಎಲಿವೇಟರ್ ಎಂಬ ಚಪ್ಪಟೆ ತುದಿಯ ಸಲಕರಣೆ ಹಾಕಿ ಆ ನಾರನ್ನು ಹರಿಯುತ್ತೇವೆ. ಆಮೇಲೆ ಇಕ್ಕಳದಿಂದ ಹಿಡಿದು ನಿಧಾನವಾಗಿ ಕೆನ್ನೆಯ ಕಡೆಗೊಮ್ಮೆ, ನಾಲಿಗೆಯ ಕಡೆಗೊಮ್ಮೆ ವಾಲಿಸುತ್ತೇವೆ. ಮೂಳೆ ಕೂಡ ಚೂರು ಬಾಗಿ ಜಾಗ ಕೊಡುತ್ತದೆ. ಕೊನೆಗೆ ಹಲ್ಲು ಬರುವುದು ಒಂದು ಕ್ಷಣದಲ್ಲಿ. ‘ಆಯ್ತಾ?’ ಎಂದು ಕೇಳುವವರೇ ಜಾಸ್ತಿ.

ನಿಜವಾಗಿ ಹೆದರಿಸುವುದು ಸದ್ದು. ಕರಕರ, ಕಟಕ್ ಎಂದು ತಲೆಯೊಳಗೇ ಏನೋ ಮುರಿದ ಹಾಗೆ ಕೇಳುತ್ತದೆ. ಸದ್ದು ಮೂಳೆಯ ಮೂಲಕ ನೇರವಾಗಿ ಒಳಗಿವಿಗೆ ಹೋಗುವುದರಿಂದ ನಿಮಗೆ ದೊಡ್ಡದಾಗಿ ಕೇಳುತ್ತದೆ. ಪಕ್ಕದಲ್ಲಿ ನಿಂತ ನನಗೆ ಅದರ ಕಾಲು ಭಾಗವೂ ಕೇಳಿರುವುದಿಲ್ಲ. ನಿಮ್ಮ ಹಲ್ಲು ಅರ್ಧ ಮುರಿದಿರುವುದರಿಂದ ಡ್ರಿಲ್ ಹಾಕಿ ಬೇರುಗಳನ್ನು ಬೇರೆ ಬೇರೆ ಮಾಡಿ ತೆಗೆಯಬಹುದು. ಕೆಳಗಿನ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೇಲಿನದಕ್ಕೆ ಮೂರು. ಹಲ್ಲನ್ನು ತುಂಡು ಮಾಡಿದರು ಎಂದರೆ ಏನೋ ಎಡವಟ್ಟಾಯಿತು ಅಂತಲ್ಲ. ಮೂಳೆ ಉಳಿಸಲು ಅದೇ ಒಳ್ಳೆಯ ದಾರಿ. ಸುಲಭದ ಹಲ್ಲು ಕೆಲವೇ ನಿಮಿಷದ ಕೆಲಸ. ನಿಮ್ಮದಕ್ಕೆ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಇಟ್ಟುಕೊಂಡು ಹೋಗಿ.

ಎರಡು ಮಾತು ಬಾಕಿ. ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಡಿ. ಕುರ್ಚಿಯಲ್ಲಿ ತಲೆ ಸುತ್ತಿ ಬೀಳುವವರಲ್ಲಿ ಹೆದರಿ ಊಟ ಬಿಟ್ಟು ಬಂದವರೇ ಹೆಚ್ಚು. ನಿದ್ದೆ ಬರಿಸಿ ಅಥವಾ ಪೂರ್ತಿ ಪ್ರಜ್ಞೆ ತಪ್ಪಿಸಿ ತೆಗೆಯುತ್ತೇವೆ ಎಂದಿದ್ದರೆ ಮಾತ್ರ ಉಪವಾಸ, ಅದೂ ಅವರು ಹೇಳಿದಷ್ಟು ಹೊತ್ತು. ಇನ್ನೊಂದು, ತಾರೀಖು ಮುಂದೂಡಬೇಡಿ. ಕೀವಾಗಿ ಊದಿಕೊಂಡ ಜಾಗದಲ್ಲಿ ಆಮ್ಲದ ಗುಣ ಜಾಸ್ತಿ ಇರುತ್ತದೆ, ಅಲ್ಲಿ ಈ ಔಷಧಿ ಸರಿಯಾಗಿ ಹಿಡಿಯುವುದಿಲ್ಲ. ‘ನನಗೆ ಇಂಜೆಕ್ಷನ್ ಹತ್ತಲೇ ಇಲ್ಲ’ ಎನ್ನುವ ಕತೆಗಳ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ.

ಅಂದ ಹಾಗೆ, ಅರಿವಳಿಕೆ ಎಂಬುದಕ್ಕೆ ಜಗತ್ತು ನಮ್ಮ ವೃತ್ತಿಗೆ ಸ್ವಲ್ಪ ಋಣಿಯಾಗಿರಬೇಕು. 1844ರ ಡಿಸೆಂಬರಿನಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್, ನಗೆ ಅನಿಲ ಎಳೆದುಕೊಂಡು ತನ್ನದೇ ಹಲ್ಲನ್ನು ಕೀಳಿಸಿಕೊಂಡು ನೋಡಿದ. ಲಿಗ್ನೊಕೇಯ್ನ್ ಬಂದದ್ದು ಅದಾಗಿ ನೂರು ವರ್ಷಕ್ಕೆ, 1943ರಲ್ಲಿ ಸ್ವೀಡನ್ನಿನಲ್ಲಿ. ಅದಕ್ಕೂ ಹಿಂದಿನವರ ಪಾಡು ನೆನೆಸಿಕೊಂಡರೆ ನಾವು ಅದೃಷ್ಟವಂತರು.

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳುವಾಗುವ ಮಾತ್ರೆ ನಡೀತಿದೆ. ಸಕ್ಕರೆ ಕಾಯಿಲೆಯೂ ಇದೆ. ಅಮ್ಮನಿಗೆ ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ. ಇಬ್ಬರಿಗೂ ಒಂದೊಂದು ಹಲ್ಲು ಕೀಳಿಸಬೇಕು. ಮಾತ್ರೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು?

ನೀವಾಗಿ ನೀವು ಒಂದು ದಿನವೂ ನಿಲ್ಲಿಸಬಾರದು. ಇದನ್ನು ಜೋರಾಗಿ ಹೇಳುತ್ತಿದ್ದೇನೆ ಅಂದುಕೊಳ್ಳಿ. ಹಲ್ಲಿನ ಗುಂಡಿಯಿಂದ ರಕ್ತ ಸ್ವಲ್ಪ ಹೆಚ್ಚು ಹೊತ್ತು ಒಸರಿದರೆ ಒತ್ತಿ ಹಿಡಿಯಬಹುದು, ಹೊಲಿಗೆ ಹಾಕಬಹುದು, ರಕ್ತ ಕಟ್ಟಿಸುವ ಸ್ಪಂಜನ್ನು ಒಳಗಿಡಬಹುದು. ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಅಷ್ಟು ಸುಲಭವಾಗಿ ಏನೂ ಮಾಡಲು ಬರುವುದಿಲ್ಲ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಿಗೆ ಒಂದು ಹಲ್ಲು ಕೀಳಲು ಅವನ್ನು ಸಾಮಾನ್ಯವಾಗಿ ನಿಲ್ಲಿಸುವುದೇ ಇಲ್ಲ. ವಾರ್ಫರಿನ್ ಆದರೆ ಹಿಂದಿನ ದಿನವೋ ಅವತ್ತೋ ಐಎನ್‌ಆರ್ ಎಂಬ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ರಕ್ತಪರೀಕ್ಷೆ ಮಾಡಿಸಿ, ಅದು 4ರ ಒಳಗಿದ್ದರೆ ಮುಂದುವರಿಯುತ್ತಾರೆ. ಅಪಿಕ್ಸಬಾನ್‌ನಂಥ ಹೊಸ ಮಾತ್ರೆಗಳಾದರೆ ಅವತ್ತಿನ ಬೆಳಗಿನ ಡೋಸನ್ನು ಮುಂದಕ್ಕೆ ಹಾಕಲು ಹೇಳಬಹುದು. ಅದನ್ನು ಹೇಳಬೇಕಾದವರು ಹೃದಯದ ಡಾಕ್ಟರು ಮತ್ತು ಹಲ್ಲಿನ ಡಾಕ್ಟರು, ಪಕ್ಕದ ಮನೆಯವರಲ್ಲ.

ಸಕ್ಕರೆ ಕಾಯಿಲೆಗೆ ಬೆಳಗಿನ ಹೊತ್ತೇ ಒಳ್ಳೆಯದು. ತಿಂಡಿ ತಿಂದು, ಮಾತ್ರೆ ತೆಗೆದುಕೊಂಡು ಹೋಗಲಿ. ಸಕ್ಕರೆ ತೀರಾ ಏರಿದ್ದರೆ ಗಾಯ ನಿಧಾನಕ್ಕೆ ಮಾಯುತ್ತದೆ, ಸೋಂಕೂ ಬೇಗ ತಗಲುತ್ತದೆ. ಮೊದಲು ಅದನ್ನು ಹತೋಟಿಗೆ ತರಲು ಹೇಳಬಹುದು.

ಅಮ್ಮನ ಮಾತ್ರೆಯ ವಿಷಯ ಬರೆದಿದ್ದು ಒಳ್ಳೆಯದಾಯಿತು. ಬಹಳ ಜನ ಇದನ್ನು ಹೇಳುವುದೇ ಇಲ್ಲ. ಮೂಳೆಯ ಮಾತ್ರೆಗೂ ಹಲ್ಲಿಗೂ ಏನು ಸಂಬಂಧ ಅಂದುಕೊಳ್ಳುತ್ತಾರೆ. ಅಲೆಂಡ್ರೊನೇಟ್ ತರಹದ ಔಷಧಿಗಳು ಮೂಳೆ ಕರಗುವುದನ್ನು ತಡೆಯುತ್ತವೆ. ಆದರೆ ಹಲ್ಲು ಕಿತ್ತ ಗುಂಡಿ ಮಾಯಬೇಕಾದರೆ ಹಳೆ ಮೂಳೆ ಕರಗಿ ಹೊಸದು ಬರಬೇಕು. ಅಪರೂಪಕ್ಕೆ ಕೆಲವರಲ್ಲಿ ಗುಂಡಿ ಮುಚ್ಚದೆ ದವಡೆ ಮೂಳೆ ಹಾಗೇ ಬರಿದಾಗಿ ಉಳಿಯುತ್ತದೆ. 2003ರಲ್ಲಿ ಇದು ಮೊದಲು ವರದಿಯಾಯಿತು. ಮೂಳೆ ಸವೆತಕ್ಕೆ ಮಾತ್ರೆ ನುಂಗುವವರಲ್ಲಿ ಈ ಅಪಾಯ ತೀರಾ ಕಮ್ಮಿ. ಕ್ಯಾನ್ಸರ್‌ಗಾಗಿ ಇಂಥ ಔಷಧಿಯನ್ನು ರಕ್ತನಾಳದ ಮೂಲಕ ಪಡೆಯುವವರಲ್ಲಿ ಜಾಸ್ತಿ. ಎಷ್ಟು ವರ್ಷದಿಂದ ತೆಗೆದುಕೊಳ್ಳುತ್ತಿದ್ದಾರೆ ಎಂದು ಬರೆದುಕೊಂಡು ಹೋಗಿ. ಇಬ್ಬರ ಮಾತ್ರೆಗಳ ಚೀಟಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ‘ಬಿಳಿ ಮಾತ್ರೆ, ಗುಂಡಗಿರುತ್ತೆ’ ಎಂದರೆ ನಮಗೆ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ನಿನ್ನೆ ಸಂಜೆ ಹಲ್ಲು ಕೀಳಿಸಿದೆ. ರಕ್ತ ನಿಲ್ತಾನೇ ಇಲ್ಲ. ಉಗುಳಿ ಉಗುಳಿ ಸಾಕಾಗಿದೆ. ಬೆಳಿಗ್ಗೆ ಎದ್ದರೆ ದಿಂಬೂ ಕೆಂಪು. ನೀರು ಹಾಕಿ ಮುಕ್ಕಳಿಸಿದರೆ ಇನ್ನೂ ಬರುತ್ತೆ. ಇಮೇಲ್ ಮಾಡ್ತಿದ್ದೀನಿ, ಬೇಗ ಉತ್ತರಿಸಿ.

ಇವರಿಗೆ ಅವತ್ತೇ ಉತ್ತರ ಕಳಿಸಿದೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಇಡೀ ವಿಷಯದಲ್ಲಿ ಮುಖ್ಯವಾದ ಭಾಗ ಇದೇ.

ಉಗುಳುವುದನ್ನು ನಿಲ್ಲಿಸಿ. ಮುಕ್ಕಳಿಸುವುದನ್ನು ನಿಲ್ಲಿಸಿ. ಹಲ್ಲು ಕಿತ್ತ ಗುಂಡಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ನೋಡಲು ಕಪ್ಪುಗೆಂಪು ಮುದ್ದೆ. ಅದೇ ನಿಮ್ಮ ಬ್ಯಾಂಡೇಜು, ಅದೇ ಔಷಧಿ, ಹೊಸ ಒಸಡು ಮತ್ತು ಮೂಳೆ ಬೆಳೆಯುವುದೂ ಅದರ ಮೇಲೇ. ನೀವು ಬಾಯಿ ಹಿಂಡಿ ಉಗುಳಿದಾಗಲೆಲ್ಲ ಅದನ್ನು ಎಳೆದು ಸಡಿಲ ಮಾಡುತ್ತೀರಿ, ಅದು ಮತ್ತೆ ಒಸರುತ್ತದೆ, ನೀವು ಮತ್ತೆ ಉಗುಳುತ್ತೀರಿ. ಸ್ಟ್ರಾದಲ್ಲಿ ಹೀರಿದರೂ ಅದೇ ಕತೆ. ಮೊದಲ 24 ಗಂಟೆ ಎಂಜಲನ್ನು ನುಂಗಿಬಿಡಿ. ಕೆಂಪಾಗಿದ್ದರೂ ನುಂಗಿ. ಒಂದು ಹನಿ ರಕ್ತ ಬಾಯಿ ತುಂಬ ಎಂಜಲನ್ನು ಕೆಂಪು ಮಾಡುತ್ತದೆ. ದಿಂಬಿನ ಮೇಲಿನ ಕಲೆಯಲ್ಲೂ ಎಂಜಲೇ ಜಾಸ್ತಿ. ಹಳೆಯ ಟವೆಲ್ ಹಾಸಿ, ತಲೆ ಸ್ವಲ್ಪ ಎತ್ತರ ಇಟ್ಟು ಮಲಗಿ.

ಒಸರುವುದು ಬೇರೆ, ಸುರಿಯುವುದು ಬೇರೆ. ಎಂಜಲು ಗುಲಾಬಿ ಬಣ್ಣಕ್ಕೆ ಇರುವುದು ಒಂದು ದಿನದ ಮಟ್ಟಿಗೆ ಸಹಜ. ಬಾಯಿ ಮತ್ತೆ ಮತ್ತೆ ಗಟ್ಟಿ ರಕ್ತದಿಂದ ತುಂಬುತ್ತಿದ್ದರೆ ಹೀಗೆ ಮಾಡಿ. ಶುದ್ಧವಾದ ಗಾಜ್ ಬಟ್ಟೆಯನ್ನು ಚೂರು ಒದ್ದೆ ಮಾಡಿ. ಒಣಗಿದ್ದರೆ ಹೆಪ್ಪು ಅದಕ್ಕೇ ಅಂಟಿಕೊಂಡು ಕಿತ್ತು ಬರುತ್ತದೆ. ಅದನ್ನು ಮಡಿಸಿ ದಪ್ಪ ಉಂಡೆ ಮಾಡಿ. ಸರಿಯಾಗಿ ಗುಂಡಿಯ ಮೇಲೇ ಇಡಿ. ಇಲ್ಲೇ ಜನ ಎಡವುವುದು. ಅದನ್ನು ಪಕ್ಕದ ಹಲ್ಲುಗಳ ಮೇಲೆ ಇಟ್ಟು ಕಚ್ಚಿಕೊಂಡು ಕೂರುತ್ತಾರೆ, ಗುಂಡಿಗೆ ಒತ್ತಡವೇ ಬಿದ್ದಿರುವುದಿಲ್ಲ. ಕಚ್ಚಿದಾಗ ಉಳಿದ ಹಲ್ಲುಗಳು ಒಂದಕ್ಕೊಂದು ತಾಗಬಾರದು, ಅಷ್ಟು ದಪ್ಪ ಇರಬೇಕು. ನೆಟ್ಟಗೆ ಕೂತು ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿ ಹಿಡಿಯಿರಿ. ಗಡಿಯಾರ ನೋಡಿ. ಐದೈದು ನಿಮಿಷಕ್ಕೆ ತೆಗೆದು ‘ನಿಂತಿತಾ’ ಎಂದು ನೋಡಿದರೆ ಲೆಕ್ಕ ಮತ್ತೆ ಮೊದಲಿಂದ. ಹೀಗೆ ಎರಡು ಸಲ ಮಾಡಿದರೂ ನಿಲ್ಲದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ಆಸ್ಪತ್ರೆಗೆ ಹೋಗಿ. ಬೆಳಗಾಗಲಿ ಎಂದು ಕಾಯಬೇಡಿ.

ಮೊದಲ ದಿನಕ್ಕೆ ಸಂಬಂಧಿಸಿದ ಇನ್ನಷ್ಟು ಇಲ್ಲೇ ಹೇಳಿಬಿಡುತ್ತೇನೆ. ಮರಗಟ್ಟಿದ್ದು ಎರಡರಿಂದ ನಾಲ್ಕು ಗಂಟೆಯಲ್ಲಿ ಬಿಡುತ್ತದೆ. ಅಲ್ಲಿಯವರೆಗೆ ಬಿಸಿಯಾದದ್ದು ಕುಡಿಯಬೇಡಿ, ತುಟಿ ಸುಟ್ಟರೂ ತಿಳಿಯುವುದಿಲ್ಲ. ಆಮೇಲೆ ತಣ್ಣಗಿನ, ಮೆತ್ತಗಿನ ಊಟ, ಇನ್ನೊಂದು ಕಡೆಯಿಂದ ಅಗಿದು. ಖಾರ ಬೇಡ, ಗುಂಡಿಯಲ್ಲಿ ಸಿಕ್ಕಿಕೊಳ್ಳುವ ಸಣ್ಣ ಕಾಳು, ಪುಡಿ ಬೇಡ. ಊತ ಬರುವಂತಿದ್ದರೆ ಕೆನ್ನೆಯ ಹೊರಗೆ ಬಟ್ಟೆ ಸುತ್ತಿದ ಐಸ್ ಇಡಿ, ಇಪ್ಪತ್ತು ನಿಮಿಷ ಇಟ್ಟು ಇಪ್ಪತ್ತು ನಿಮಿಷ ಬಿಡಿ. ಭಾರ ಎತ್ತುವುದು, ಓಡುವುದು, ವ್ಯಾಯಾಮ ಒಂದೆರಡು ದಿನ ಬೇಡ. ಉಳಿದ ಹಲ್ಲುಗಳನ್ನು ಅವತ್ತೇ ಉಜ್ಜಿ, ಆ ಜಾಗ ಒಂದನ್ನು ಬಿಟ್ಟು. ಮಾರನೇ ದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದ ಮೇಲೆಲ್ಲ ಬಾಯಲ್ಲಿ ಹಿಡಿದು, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಬಾಯಿ ತೆರೆದು ಬಿಟ್ಟುಬಿಡಿ. ಗಳಗಳ ಬೇಡ.

ನಮ್ಮ ವೃತ್ತಿಯವರ ಮೇಲೂ ಒಂದು ದೂರು. ಇದನ್ನೆಲ್ಲ ನಾವು ಹೇಳುವುದು ಹಲ್ಲು ಕಿತ್ತ ಮರುಕ್ಷಣ, ರೋಗಿಯ ಬಾಯಲ್ಲಿ ಗಾಜ್ ತುರುಕಿ. ಆಗ ಅವರ ಕಿವಿಗೆ ಏನೂ ಬೀಳುವುದಿಲ್ಲ. ತಲೆ ಆಡಿಸುತ್ತಾರೆ, ಅಷ್ಟೆ. ಹಾಗಾಗಿ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಕೇಳಿಸಿಕೊಳ್ಳುವ ಕೆಲಸ ಅವರದು.

ಪ್ರಶ್ನೆ: ಹಲ್ಲು ಕಿತ್ತು ನಾಲ್ಕು ದಿನ ಆಯ್ತು. ಮೊದಲೆರಡು ದಿನ ಚೆನ್ನಾಗೇ ಇದ್ದೆ. ಈಗ ನೋವು ಜಾಸ್ತಿಯಾಗಿದೆ, ಕಿವಿವರೆಗೂ ಎಳೆಯುತ್ತೆ. ಬಾಯಿ ಕೆಟ್ಟ ವಾಸನೆ. ಮಾತ್ರೆಗೂ ಬಗ್ಗುತ್ತಿಲ್ಲ. ಊತ ಏನಿಲ್ಲ. ಬೇರಿನ ಚೂರು ಒಳಗೇ ಬಿಟ್ಟಿದ್ದಾರಾ?

ನೀವು ಬರೆದ ರೀತಿಯೇ ರೋಗವನ್ನು ಹೇಳುತ್ತಿದೆ. ಹೆಪ್ಪು ಕಳಚಿ ಹೋಗಿ, ಅಥವಾ ಕರಗಿ, ಒಳಗಿನ ಮೂಳೆ ಬರಿದಾಗಿರಬೇಕು. ಇದನ್ನು ಡ್ರೈ ಸಾಕೆಟ್ ಅನ್ನುತ್ತೇವೆ. ಗುರುತು ಸುಲಭ. ಹಲ್ಲು ಕಿತ್ತ ನೋವು ದಿನದಿನಕ್ಕೆ ಇಳಿಯಬೇಕು. ಇಳಿದ ನೋವು ಮೂರನೇ ನಾಲ್ಕನೇ ದಿನಕ್ಕೆ ಮತ್ತೆ ಏರಿದರೆ ಮೊದಲ ಅನುಮಾನ ಇದರ ಮೇಲೆ. ಸಾಮಾನ್ಯ ಹಲ್ಲು ಕಿತ್ತವರಲ್ಲಿ ನೂರಕ್ಕೆ ಕೆಲವರಿಗಷ್ಟೇ ಬರುತ್ತದೆ. ಕೆಳಗಿನ ಬುದ್ಧಿ ಹಲ್ಲನ್ನು ಮೂಳೆ ಕೊರೆದು ತೆಗೆಸಿಕೊಂಡವರಲ್ಲಿ ಅದಕ್ಕಿಂತ ತುಂಬ ಜಾಸ್ತಿ. ಸಿಗರೇಟು ಸೇದುವವರಿಗೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಂಗಸರಿಗೆ, ಕಷ್ಟಪಟ್ಟು ಕೀಳಬೇಕಾಗಿ ಬಂದ ಹಲ್ಲಿಗೆ ಸಾಧ್ಯತೆ ಹೆಚ್ಚು. ಎಲ್ಲ ಸರಿಯಾಗಿ ಪಾಲಿಸಿದವರಿಗೂ ಕೆಲವೊಮ್ಮೆ ಬರುತ್ತದೆ. ಅದಕ್ಕೆ ನಿಮ್ಮನ್ನೂ ಬೈಯಬೇಕಿಲ್ಲ, ಡಾಕ್ಟರನ್ನೂ ಬೈಯಬೇಕಿಲ್ಲ.

ಮನೆಯಲ್ಲಿ ಕೂತು ಮಾತ್ರೆ ನುಂಗುವುದು ಬಿಟ್ಟು ಅವರ ಹತ್ತಿರವೇ ಹೋಗಿ. ಗುಂಡಿಯನ್ನು ಉಪ್ಪುನೀರಿನಿಂದ ಮೆಲ್ಲಗೆ ತೊಳೆದು, ಲವಂಗದ ಎಣ್ಣೆಯ ಅಂಶ ಇರುವ ಔಷಧಿಯ ಪಟ್ಟಿ ಒಳಗಿಡುತ್ತಾರೆ. ಬಹಳ ಜನರಿಗೆ ಕುರ್ಚಿಯಿಂದ ಏಳುವಷ್ಟರಲ್ಲೇ ಅರ್ಧ ನೋವು ಹೋಗಿರುತ್ತದೆ. ಒಂದೆರಡು ದಿನಕ್ಕೊಮ್ಮೆ ಬದಲಾಯಿಸಬೇಕಾಗಬಹುದು. ಒಂದೆರಡು ವಾರದಲ್ಲಿ ತಾನಾಗಿ ಮಾಯುತ್ತದೆ. ಇದು ಕೀವಿನ ಕಾಯಿಲೆ ಅಲ್ಲ, ಹಾಗಾಗಿ ಆ್ಯಂಟಿಬಯಾಟಿಕ್ ನುಂಗಿ ಪ್ರಯೋಜನ ಇಲ್ಲ. ಲವಂಗದ ಎಣ್ಣೆ ಅಂದ ಕೂಡಲೇ ಬಾಟಲಿ ಹುಡುಕಬೇಡಿ. ಅದನ್ನು ಹಾಗೇ ಸುರಿದುಕೊಂಡರೆ ಒಸಡು ಸುಡುತ್ತದೆ. ಬೇರಿನ ಚೂರಿನ ಅನುಮಾನ ಇದ್ದರೆ ಒಂದು ಎಕ್ಸ್‌ರೇ ಸಾಕು, ಕೇಳಿ ತೆಗೆಸಿಕೊಳ್ಳಿ.

ತಡ ಮಾಡಬಾರದ ಲಕ್ಷಣಗಳು ಬೇರೆ ಇವೆ. ಜ್ವರ, ಮೂರು ದಿನ ಕಳೆದ ಮೇಲೂ ಏರುತ್ತಲೇ ಇರುವ ಊತ, ಗುಂಡಿಯಿಂದ ಕೀವು ಕಂಡರೆ ಅವತ್ತೇ ಹೋಗಿ. ನಾಲಿಗೆಯ ಕೆಳಗೆ ಅಥವಾ ಗದ್ದದ ಕೆಳಗೆ ಊದಿಕೊಂಡು ನುಂಗಲು ಕಷ್ಟವಾಗುತ್ತಿದ್ದರೆ, ಉಸಿರಾಡಲು ತೊಂದರೆಯಾದರೆ ದಂತವೈದ್ಯರ ಸಮಯಕ್ಕೆ ಕಾಯದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಅದು ಜೀವದ ಪ್ರಶ್ನೆ.

ಪ್ರಶ್ನೆ: ಆರನೇ ದಿನ. ಗುಂಡಿಯೊಳಗೆ ಬೆಳ್ಳಗೆ, ಹಳದಿಯಾಗಿ ಏನೋ ಕೂತಿದೆ. ನೋವಿಲ್ಲ. ಕೀವು ಅಂತ ಟೂತ್‌ಪಿಕ್‌ನಿಂದ ತೆಗೀತಿದ್ದೀನಿ, ಬರ್ತಾ ಇಲ್ಲ.

ಬರಬಾರದು! ಅದು ಹೊಸದಾಗಿ ಬೆಳೆಯುತ್ತಿರುವ ಪದರ. ಟೂತ್‌ಪಿಕ್ ಕೆಳಗಿಡಿ, ಟಾರ್ಚ್ ಹಾಕಿ ದಿನಕ್ಕೆ ಹತ್ತು ಸಲ ನೋಡುವುದನ್ನೂ ಬಿಡಿ. ಗುಂಡಿಯ ಮೇಲೆ ಒಸಡು ಮುಚ್ಚಲು ಮೂರ್ನಾಲ್ಕು ವಾರ ಬೇಕು. ಒಳಗೆ ಮೂಳೆ ತುಂಬಲು ತಿಂಗಳುಗಳೇ ಬೇಕು. ಈ ನಡುವೆ ಮರಳಿನ ಕಾಳಿನಷ್ಟು ಚೂಪಾದ ಮೂಳೆ ಚೂರು ಒಸಡಿನಿಂದ ಹೊರಗೆ ಇಣುಕಿದರೆ ಗಾಬರಿ ಬೇಡ. ಬಹಳ ಸಲ ತಾನೇ ಉದುರುತ್ತದೆ. ಚುಚ್ಚುತ್ತಿದ್ದರೆ ಡಾಕ್ಟರು ಒಂದು ನಿಮಿಷದಲ್ಲಿ ತೆಗೆಯುತ್ತಾರೆ.

ಪ್ರಶ್ನೆ: ಒಂದೇ ಒಂದು ಸಿಗರೇಟು ಸೇದಿದರೆ ಏನಾಗುತ್ತೆ?

ಮೇಲೆ ನಾಲ್ಕನೇ ದಿನದ ಪತ್ರ ಇದೆ, ಓದಿ. ಹೊಗೆ ಎಳೆಯುವ ಹೀರುವಿಕೆಯೂ ಕೆಟ್ಟದ್ದು, ನಿಕೋಟಿನ್ ರಕ್ತನಾಳ ಬಿಗಿ ಮಾಡುವುದೂ ಕೆಟ್ಟದ್ದು. ಮೂರು ದಿನವಾದರೂ ತಡೆದುಕೊಳ್ಳಿ. ಅಗಿಯುವ ತಂಬಾಕಿಗೂ ಇದೇ ಮಾತು.

ಪ್ರಶ್ನೆ: ಮೇಲಿನ ಕೋರೆಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತೆ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಿದ್ದಾರೆ. ನಿಜಾನಾ?

ಅಲ್ಲ. ಕಣ್ಣಿನ ನೋಟದ ನರವೇ ಬೇರೆ, ಹಲ್ಲಿನ ನರವೇ ಬೇರೆ. ಎರಡೂ ನೇರವಾಗಿ ಮಿದುಳಿನಿಂದ ಬೇರೆ ಬೇರೆ ದಾರಿಯಲ್ಲಿ ಬರುತ್ತವೆ. ಕೋರೆಹಲ್ಲಿನ ಬೇರು ಉದ್ದ, ಅದರಲ್ಲಿ ಕೀವಾದರೆ ಕಣ್ಣಿನ ಕೆಳಗೆ ಊದಿಕೊಳ್ಳುತ್ತದೆ. ಮಾತು ಹುಟ್ಟಿದ್ದು ಅದನ್ನು ನೋಡಿಯೇ ಇರಬಹುದು ಅನ್ನಿಸುತ್ತದೆ ನನಗೆ. ಅಂಥ ಕೊಳೆತ ಹಲ್ಲನ್ನು ಉಳಿಸಿಕೊಳ್ಳುವುದೇ ಅಪಾಯ.

ಮೇಲಿನ ಹಲ್ಲುಗಳ ವಿಷಯದಲ್ಲಿ ಗಮನ ಕೊಡಬೇಕಾದ್ದು ಇನ್ನೊಂದಿದೆ. ಮೇಲಿನ ದವಡೆ ಹಲ್ಲುಗಳ ಬೇರು ಮೂಗಿನ ಪಕ್ಕದ ಸೈನಸ್ ಗೂಡಿಗೆ ತೀರಾ ಹತ್ತಿರ. ಕೆಲವರಲ್ಲಿ ನಡುವೆ ಇರುವುದು ಕಾಗದದಷ್ಟು ತೆಳುವಾದ ಮೂಳೆ. ಹಲ್ಲು ಕಿತ್ತಾಗ ಅಲ್ಲಿ ಸಣ್ಣ ತೂತಾಗಬಹುದು. ಡಾಕ್ಟರು ಹಾಗೆ ಹೇಳಿದ್ದರೆ ಎರಡು ವಾರ ಸಿಂಬಳ ತೆಗೆಯಲು ಮೂಗಿನಿಂದ ಜೋರಾಗಿ ಗಾಳಿ ಊದಬೇಡಿ. ಸೀನು ಬಂದರೆ ತಡೆಯದೆ ಬಾಯಿ ತೆರೆದು ಸೀನಿ. ಕುಡಿದ ನೀರು ಮೂಗಿನಿಂದ ಬಂದರೆ ತಕ್ಷಣ ಹೋಗಿ ತೋರಿಸಿ.

ಪ್ರಶ್ನೆ: ನೋವಿಗೆ ಯಾವ ಮಾತ್ರೆ ಒಳ್ಳೆಯದು? ಹಿಂದಿನ ಸಲದ ಆ್ಯಂಟಿಬಯಾಟಿಕ್ ನಾಲ್ಕು ಉಳಿದಿದೆ, ಅದನ್ನೇ ತಗೋಬಹುದಾ?

ಐಬುಪ್ರೊಫೇನ್ ಮತ್ತು ಪ್ಯಾರಾಸಿಟಮಾಲ್ ಎರಡನ್ನೂ ಸೇರಿಸಿ ತೆಗೆದುಕೊಳ್ಳುವುದು ಹಲ್ಲಿನ ನೋವಿಗೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ ಐಬುಪ್ರೊಫೇನ್ 400 ಮಿಲಿಗ್ರಾಂ, ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಏನಾದರೂ ತಿಂದ ಮೇಲೆ. ಎಷ್ಟು ಗಂಟೆಗೊಮ್ಮೆ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ಮರಗಟ್ಟಿದ್ದು ಪೂರ್ತಿ ಬಿಡುವ ಮೊದಲೇ ಮೊದಲ ಡೋಸು ಹೋಗಲಿ. ನೋವು ಏರಿದ ಮೇಲೆ ಅಟ್ಟಿಸಿಕೊಂಡು ಹೋಗುವುದು ಕಷ್ಟ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇರುವವರು, ಗರ್ಭಿಣಿಯರು, ರಕ್ತ ತೆಳುವಾಗುವ ಮಾತ್ರೆಯವರು ಐಬುಪ್ರೊಫೇನ್ ತಂಟೆಗೆ ಕೇಳದೆ ಹೋಗಬೇಡಿ. ನೋವಿಗೆ ಅಂತ ಆಸ್ಪಿರಿನ್ ಬೇಡ, ರಕ್ತ ಜಾಸ್ತಿ ಒಸರುತ್ತದೆ. ಅದನ್ನು ಒಸಡಿನ ಮೇಲೆ ಇಟ್ಟುಕೊಳ್ಳುವ ಅಭ್ಯಾಸ ಇನ್ನೂ ಕೆಟ್ಟದ್ದು, ಚರ್ಮ ಬೆಳ್ಳಗೆ ಸುಟ್ಟು ಸುಲಿಯುತ್ತದೆ.

ಉಳಿದ ಆ್ಯಂಟಿಬಯಾಟಿಕ್ ಮುಟ್ಟಬೇಡಿ. ಹಲ್ಲು ಕಿತ್ತವರಿಗೆಲ್ಲ ಅದು ಬೇಕಾಗುವುದಿಲ್ಲ. ನಾನು ಬರೆದುಕೊಡದಿದ್ದರೆ ‘ಡಾಕ್ಟರು ಏನೋ ಮರೆತರು’ ಎಂದು ಮುಖ ಸಣ್ಣ ಮಾಡಿಕೊಂಡು ಹೋಗುವವರಿದ್ದಾರೆ. ಮರೆತಿರುವುದಿಲ್ಲ. ಅದಿರಲಿ, ಹಿಂದಿನ ಸಲ ನಾಲ್ಕು ಮಾತ್ರೆ ಉಳಿದಿದ್ದು ಹೇಗೆ?

ಪ್ರಶ್ನೆ: ಕೆಳಗಿನ ಬುದ್ಧಿ ಹಲ್ಲು ತೆಗೆಸಿ ಮೂರು ವಾರ. ತುಟಿಯ ಒಂದು ಮೂಲೆ ಇನ್ನೂ ಜೋಮು ಹಿಡಿದ ಹಾಗೇ ಇದೆ. ಹೀಗೇ ಇರುತ್ತಾ?

ಹೆಚ್ಚಿನವರಿಗೆ ಹೋಗುತ್ತದೆ. ಕೆಳಗಿನ ಬುದ್ಧಿ ಹಲ್ಲಿನ ಬೇರು ಕೆಲವೊಮ್ಮೆ ತುಟಿಗೆ ಹೋಗುವ ನರಕ್ಕೆ ತಾಗಿಕೊಂಡೇ ಇರುತ್ತದೆ. ತೆಗೆಯುವಾಗ ನರ ಜಜ್ಜಿದಂತಾಗುತ್ತದೆ. ಅದು ಚೇತರಿಸಿಕೊಳ್ಳಲು ವಾರಗಳಿಂದ ತಿಂಗಳುಗಳೇ ಹಿಡಿಯಬಹುದು. ಇರುವೆ ಹರಿದ ಹಾಗೆ, ಜುಮ್ ಅಂದ ಹಾಗೆ ಆಗುತ್ತಿದ್ದರೆ ಒಳ್ಳೆಯ ಸೂಚನೆ. ಕಾದು ನೋಡುವುದಾದರೂ ಡಾಕ್ಟರಿಗೆ ತೋರಿಸಿಯೇ ಕಾಯಿರಿ. ಎಷ್ಟು ಜಾಗ ಮರಗಟ್ಟಿದೆ ಎಂದು ಅವರು ಗುರುತು ಮಾಡಿಟ್ಟುಕೊಂಡರೆ ಮುಂದಿನ ಭೇಟಿಯಲ್ಲಿ ಕಮ್ಮಿಯಾಗುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಒಂದಿಷ್ಟೂ ಬದಲಾಗದಿದ್ದರೆ ಬಾಯಿ ಮತ್ತು ದವಡೆಯ ಶಸ್ತ್ರವೈದ್ಯರ ಹತ್ತಿರ ಬೇಗ ಹೋಗಬೇಕು. ತೀರಾ ತಡವಾದರೆ ಅವರಿಗೂ ದಾರಿಗಳು ಕಮ್ಮಿ.

ಪ್ರಶ್ನೆ: ನನ್ನ ಮಗಳಿಗೆ ಏಳು ವರ್ಷ. ಹಲ್ಲು ಕಿತ್ತಿದ್ದು ಸಲೀಸಾಗಿ ಆಯ್ತು. ಆದರೆ ಸಂಜೆ ನೋಡಿದರೆ ತುಟಿ ದಪ್ಪ ಊದಿಕೊಂಡು ಬಿಳಿ ಹುಣ್ಣಾಗಿದೆ. ಇಂಜೆಕ್ಷನ್ ಕೆಟ್ಟಿತಾ?

ಅವಳೇ ಕಚ್ಚಿಕೊಂಡಿದ್ದಾಳೆ. ಮರಗಟ್ಟಿದ ತುಟಿ ಮಕ್ಕಳಿಗೆ ಹೊಸ ಆಟ. ಅಗಿಯುತ್ತಾರೆ, ನೋವೇ ಗೊತ್ತಾಗುವುದಿಲ್ಲ. ನೋಡಲು ಭಯಂಕರ, ಒಂದೆರಡು ವಾರದಲ್ಲಿ ಮಾಯುತ್ತದೆ. ವ್ಯಾಸಲೀನ್ ಹಚ್ಚಿ. ಮುಂದಿನ ಸಲ ಮರಗಟ್ಟಿದ್ದು ಬಿಡುವ ತನಕ ಊಟ ಕೊಡಬೇಡಿ, ಕಣ್ಣಿಟ್ಟಿರಿ.

ಪ್ರಶ್ನೆ: ಕಿತ್ತ ಹಲ್ಲಿನ ಜಾಗ ಹಿಂದೆ ಇದೆ, ನಕ್ಕರೂ ಕಾಣಲ್ಲ. ಹಾಗೇ ಬಿಟ್ಟರೆ ಆಗಲ್ವಾ? ಇನ್ನೊಂದು ಹಲ್ಲು ಕಟ್ಟಿಸಲೇಬೇಕಾ?

ಯಾವ ಹಲ್ಲು ಅನ್ನುವುದರ ಮೇಲೆ ಹೋಗುತ್ತದೆ. ಬುದ್ಧಿ ಹಲ್ಲಾದರೆ ಮರೆತುಬಿಡಿ, ಅದಕ್ಕೆ ಬದಲಿ ಬೇಡ. ಅದರ ಮುಂದಿನ, ಕಟ್ಟಕಡೆಯ ದವಡೆ ಹಲ್ಲಾದರೂ ಎಷ್ಟೋ ಜನ ಬಿಟ್ಟು ಆರಾಮಾಗಿರುತ್ತಾರೆ. ಮಧ್ಯದ್ದಾದರೆ ಯೋಚಿಸಬೇಕು. ಪಕ್ಕದ ಹಲ್ಲುಗಳು ನಿಧಾನವಾಗಿ ಖಾಲಿ ಜಾಗಕ್ಕೆ ವಾಲುತ್ತವೆ. ಎದುರಿನ ಹಲ್ಲು ತಡೆ ಇಲ್ಲದೆ ಉದ್ದವಾಗಿ ಇಳಿಯುತ್ತದೆ ಅಥವಾ ಏರುತ್ತದೆ. ಇದು ಎಲ್ಲರಿಗೂ ಆಗುವುದಿಲ್ಲ, ಆದರೆ ಆದ ಮೇಲೆ ಸರಿ ಮಾಡುವುದು ಕಷ್ಟ.

ದಾರಿ ಮೂರು. ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲುಸೆಟ್ಟು, ಪಕ್ಕದ ಎರಡು ಹಲ್ಲುಗಳನ್ನು ತೇಯ್ದು ಸಣ್ಣ ಮಾಡಿ ಕಟ್ಟುವ ಬ್ರಿಡ್ಜು, ಮೂಳೆಗೆ ಟೈಟಾನಿಯಂ ತಿರುಪು ಕೂರಿಸುವ ಇಂಪ್ಲಾಂಟ್. ಪಕ್ಕದ ಹಲ್ಲುಗಳು ಗಟ್ಟಿಮುಟ್ಟಾಗಿದ್ದರೆ ಅವನ್ನು ತೇಯ್ದು ಸವೆಸಲು ನನಗೆ ಮನಸ್ಸು ಬರುವುದಿಲ್ಲ. ಅಂಥವರಿಗೆ ಇಂಪ್ಲಾಂಟ್ ಎನ್ನುತ್ತೇನೆ. ಅವುಗಳಿಗೆ ಹೇಗೂ ಕ್ಯಾಪ್ ಬೇಕಾಗಿದ್ದರೆ ಬ್ರಿಡ್ಜೇ ಸಾಕು. ಇಂಪ್ಲಾಂಟ್ ಮನಸ್ಸಿನಲ್ಲಿದ್ದರೆ ಹಲ್ಲು ಕೀಳಿಸುವ ಮೊದಲೇ ಹೇಳಿ. ಕಿತ್ತ ಮೊದಲ ಕೆಲವು ತಿಂಗಳಲ್ಲೇ ಅಲ್ಲಿಯ ಮೂಳೆ ಬೇಗ ಬೇಗ ಸೊರಗುತ್ತದೆ. ವರ್ಷ ತುಂಬುವಷ್ಟರಲ್ಲಿ ಅಗಲದಲ್ಲಿ ಅರ್ಧದಷ್ಟು ಹೋಗಿರಬಹುದು. ಮೊದಲೇ ಗೊತ್ತಿದ್ದರೆ ಡಾಕ್ಟರು ಗುಂಡಿಯೊಳಗೆ ಮೂಳೆಪುಡಿ ತುಂಬಿ ಆ ಸೊರಗುವಿಕೆಯನ್ನು ಸ್ವಲ್ಪ ತಡೆಯಬಹುದು. ತೀರ್ಮಾನ ಆಗಿಲ್ಲ ಎಂದಾದರೆ ಎರಡು ಮೂರು ತಿಂಗಳು ಬಿಟ್ಟು, ಗಾಯ ಮಾಯ್ದ ಮೇಲೆ ಒಂದು ಎಕ್ಸ್‌ರೇ ತೆಗೆಸಿ ಮೂಳೆ ಎಷ್ಟಿದೆ ಎಂದು ನೋಡಿಸಿಕೊಂಡು ಬನ್ನಿ.